ಕೂಗಿನ ಲೆಕ್ಕ

ಅಜ್ಜನ ಮುಖದ ಮೇಲೆ ಗಡ್ಡ ಬೆಳೆಯತೊಡಗಿದ್ದು ಅವನ ಮಗನ ಕೈಯಿಂದ ಕತ್ತಿ ಜಾರಿದ ವಾರ. ಅದಕ್ಕೂ ಮುಂಚೆ ಹದಿನೈದು ವರ್ಷ, ದಿನ ಬಿಟ್ಟು ದಿನ, ಅಂಗಡಿಯ ಬಾಗಿಲು ತೆರೆಯುವ ಮೊದಲು ಮಗ ಅಪ್ಪನನ್ನು ಮೊದಲನೇ ಕುರ್ಚಿಯಲ್ಲಿ ಕೂರಿಸಿ ಕ್ಷೌರ ಮಾಡುತ್ತಿದ್ದ. ಅಂಗಡಿ ಅಜ್ಜನೇ ಇಟ್ಟದ್ದು. ಕಣ್ಣಿಗೆ ಪೊರೆ ಬಂದಮೇಲೆ ಕತ್ತಿ, ಕುರ್ಚಿ, ಗಿರಾಕಿಗಳು ಎಲ್ಲವನ್ನೂ ಮಗನಿಗೆ ಬಿಟ್ಟು, ತನ್ನ ಗಲ್ಲವನ್ನು ಮಾತ್ರ ದಿನ ಬಿಟ್ಟು ದಿನ ತಂದು ಒಪ್ಪಿಸುತ್ತಿದ್ದ.

ಮಗನಿಗೆ ಬೀದಿಯಲ್ಲಿ ಮೌನಿ ಎಂದು ಹೆಸರು. ಮಾತಾಡದ ಕ್ಷೌರಿಕ ಅಪರೂಪ. ಮನೆಯಲ್ಲೂ ಕಚೇರಿಯಲ್ಲೂ ಮಾತು ಕೇಳಿ ಕೇಳಿ ಸಾಕಾದವರು ಹತ್ತು ನಿಮಿಷ ಸುಮ್ಮನೆ ಕೂರಲೆಂದೇ ಅವನ ಕುರ್ಚಿಗೆ ಕಾಯುತ್ತಿದ್ದರು. ಅಂಥ ಒಬ್ಬರ ಕಿವಿಯ ಹತ್ತಿರ ಒಂದು ಬೆಳಿಗ್ಗೆ ಅವನ ಕತ್ತಿ ನಿಂತಿತು. ಆಮೇಲೆ ನೆಲಕ್ಕೆ ಬಿತ್ತು. ಯಾರಿಗೂ ಗಾಯವಾಗಲಿಲ್ಲ. ಗಿರಾಕಿ ಕಣ್ಣು ಮುಚ್ಚಿಕೊಂಡೇ "ಏನದು?" ಎಂದ. "ಏನಿಲ್ಲ" ಎಂದ ಮೌನಿ ಉಳಿದ ಅರ್ಧ ಮುಖವನ್ನು ಎರಡನೇ ಕುರ್ಚಿಯ ಬಾಮೈದನಿಗೆ ಬಿಟ್ಟುಕೊಟ್ಟು ಮನೆಗೆ ಬಂದ.

ಬೆರಳುಗಳು ಮೂರು ತಿಂಗಳಿಂದ ಊದುತ್ತಿದ್ದವು. ಹೆಂಡತಿಗೆ ಗೊತ್ತಿತ್ತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು ಅವಳು. ಅಂಗಿಯ ಗುಂಡಿ ಹಾಕಿಕೊಳ್ಳಲು ಅವನು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ ಎಂದು ನೋಡದೆಯೇ ಹೇಳಬಲ್ಲವಳಾಗಿದ್ದಳು. ಅವಳೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು.

"ಬೆಳಿಗ್ಗೆ ಎದ್ದಾಗ ಕೈ ಬಿಗಿತ ಎಷ್ಟು ಹೊತ್ತು ಇರುತ್ತೆ?" ಡಾಕ್ಟರಮ್ಮ ಕೇಳಿದರು.

"ಹತ್ತು ಕೂಗು" ಎಂದ ಮೌನಿ.

ಡಾಕ್ಟರಮ್ಮ ಪೆನ್ನು ನಿಲ್ಲಿಸಿದರು.

"ಕುಕ್ಕರ್ ಕೂಗು, ಡಾಕ್ಟ್ರೇ" ಎಂದಳು ಹೆಂಡತಿ. "ನಾನು ಆರು ಗಂಟೆಗೆ ಕಾಳು ಬೇಯಕ್ಕಿಡ್ತೀನಿ. ಇವರು ಆ ಕಡೆ ರೂಮಲ್ಲಿ ಮಲಗಿ ಕೇಳಿಸ್ಕೊಂಡಿರ್ತಾರೆ. ಹತ್ತನೇ ಕೂಗಿಗೆ ಹೆಬ್ಬೆರಳು ಕಿರುಬೆರಳಿನ ಬುಡ ಮುಟ್ಟುತ್ತೆ."

"ಮನೇಲಿ ಗಡಿಯಾರ ಇಲ್ವಾ?"

"ಇದೆ. ಅದನ್ನ ನೋಡ್ತಾ ಮಲಗಿದ್ರೆ ನೋವು ಜಾಸ್ತಿ ಅಂತಾರೆ."

ಡಾಕ್ಟರಮ್ಮ ನಕ್ಕರು. ಒಂದು ಕೂಗಿಗೆ ಎಷ್ಟು ನಿಮಿಷ ಎಂದು ಅಳೆದುಕೊಂಡು ಬನ್ನಿ, ಆಮೇಲೆ ಕೂಗಿನಲ್ಲೇ ಬರೆಯಿರಿ, ಪರವಾಗಿಲ್ಲ ಎಂದರು. ಇದು ಕೀಲುಗಳ ಉರಿಯೂತ. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ಬೀಳುತ್ತಿದೆ. ವಾರಕ್ಕೊಮ್ಮೆ ತೆಗೆದುಕೊಳ್ಳುವ ಹಳದಿ ಮಾತ್ರೆ ಕೆಲಸ ಶುರು ಮಾಡಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ದಿನವೂ ಬಿಳಿ ಮಾತ್ರೆ ಎಂದು ಹೇಳಿದರು.

ಮನೆಯಲ್ಲಿ ಅಜ್ಜ ಬಾಗಿಲಲ್ಲೇ ಕಾದಿದ್ದ. "ವಾಸಿ ಆಗುತ್ತಂತಾ?"

"ಹತೋಟಿಗೆ ಬರುತ್ತಂತೆ, ಮಾವ."

"ನಾನು ಕೇಳಿದ್ದು ವಾಸಿ ಆಗುತ್ತಾ ಅಂತ. ಹತೋಟಿ ಅಂದ್ರೇನು?"

ಕಾಲೇಜಿಗೆ ಹೋಗುವ ಮೊಮ್ಮಗಳು ಪುಸ್ತಕದಿಂದ ತಲೆ ಎತ್ತದೆ ಹೇಳಿದಳು. "ನಾಯಿ ಮನೇಲೇ ಇರುತ್ತೆ, ಅಜ್ಜ. ಕಟ್ಟಿ ಹಾಕಿರ್ತಾರೆ."

ಮಾರನೆಯ ದಿನ ಅವಳೇ ಫೋನು ಹಿಡಿದು ಒಲೆಯ ಮುಂದೆ ನಿಂತು ಅಳೆದಳು. ಹಳೆಯ ದೊಡ್ಡ ಕುಕ್ಕರು, ಚಿಕ್ಕ ಒಲೆ. ಒಂದು ಕೂಗಿಗೂ ಇನ್ನೊಂದಕ್ಕೂ ಐದು ನಿಮಿಷ. ಅದನ್ನು ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಳು. ಆರೂವರೆಗೆ ತಾಯಿ ಲಾಂಡ್ರಿಗೆ ಹೊರಡುವಳು, ಅವಳ ಹಿಂದೆಯೇ ಮಗಳು ಕಾಲೇಜಿನ ಬಸ್ಸಿಗೆ. ಹತ್ತು ಕೂಗಾದ ಮೇಲೆ ಒಲೆ ಆರಿಸುವುದು ಅಜ್ಜನ ಕೆಲಸ. ಸಂಜೆ ಮಗಳು ಬಂದು "ಇವತ್ತೆಷ್ಟು?" ಎಂದು ಕೇಳಿ ಬರೆಯುವಳು.

ಮೂರನೇ ವಾರಕ್ಕೆ ಅಜ್ಜನ ಗಡ್ಡ ಗಲ್ಲವನ್ನೆಲ್ಲ ಮುಚ್ಚಿತ್ತು. ಬಿಳಿ ಗಡ್ಡ, ನಡುವೆ ಅಲ್ಲಲ್ಲಿ ಹಳದಿ.

"ಅಜ್ಜ, ಅರ್ಧ ಊಟ ಅದರಲ್ಲೇ ಇದೆ" ಎಂದಳು ಮೊಮ್ಮಗಳು.

"ಇರಲಿ, ಸಂಜೆಗಾಯ್ತು."

"ಮಾವ, ನನ್ನ ತಮ್ಮನ ಹತ್ರ ಒಂದ್ಸಲ ಹೋಗಿ ಬನ್ನಿ. ಹತ್ತು ನಿಮಿಷದ ಕೆಲಸ" ಎಂದಳು ಸೊಸೆ.

"ಅವನ ಕೈ ಭಾರ."

"ಊರಿಗೆಲ್ಲ ಆಗೋ ಕೈ ನಿಮಗೆ ಮಾತ್ರ ಭಾರಾನಾ?"

"ಊರಿನವರಿಗೆ ಬೇರೆ ಕೈ ಗೊತ್ತಿಲ್ಲ."

ಮೌನಿ ತಟ್ಟೆ ನೋಡುತ್ತ ಚಮಚದಲ್ಲಿ ಉಣ್ಣುತ್ತಿದ್ದ. ಚಮಚದ ಹಿಡಿಗೆ ಹೆಂಡತಿ ಹಳೇ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟಿದ್ದಳು. ಎದುರಿಗೆ ಕೂತ ಅಪ್ಪನ ಮುಖವನ್ನು ಅವನು ನೋಡುತ್ತಲೇ ಇರಲಿಲ್ಲ. ದಿನದಿಂದ ದಿನಕ್ಕೆ ಬೆಳೆಯುವ ಆ ಗಡ್ಡ ಬಾಯಿಬಿಟ್ಟು ಏನನ್ನೂ ಹೇಳದಿದ್ದರೂ ಊಟದ ಹೊತ್ತಿಗೆ ಸರಿಯಾಗಿ ಬಂದು ಎದುರು ಕೂರುತ್ತಿತ್ತು.

"ನನ್ನ ಮೇಲಿನ ಸಿಟ್ಟು ನಿನ್ನ ಮುಖದ ಮೇಲೆ ಬೆಳೆಸ್ಬೇಡ, ಅಪ್ಪ" ಎಂದ ಕೊನೆಗೆ.

"ಸಿಟ್ಟಲ್ಲ, ಕೂದಲು" ಎಂದ ಅಜ್ಜ.

ಆ ವಾರವೇ ಬಾಮೈದ ಮನೆಗೆ ಬಂದ. ಕೂತು, ಎದ್ದು, ಕಿಟಕಿ ನೋಡಿ, ಮತ್ತೆ ಕೂತ.

"ಭಾವ, ಹಿಂದಿನ ಬೀದಿಯ ಅಂಗಡಿ ಮುಚ್ತು. ಅಲ್ಲಿದ್ದವರೊಬ್ಬರು ಕೆಲಸ ಕೇಳ್ಕೊಂಡು ಬಂದಿದ್ರು. ಇಪ್ಪತ್ತು ವರ್ಷ ಕತ್ತರಿ ಹಿಡಿದ ಮನುಷ್ಯ. ಮೊದಲನೇ ಕುರ್ಚಿ ಖಾಲಿ ಇದ್ರೆ ಬರ್ತೀನಿ ಅಂತಾರೆ. ನಾನೊಬ್ಬನೇ ಎಷ್ಟು ತಲೆ ಅಂತ ನೋಡ್ಲಿ? ಜನ ಬಂದು ಕಾದು ಎದ್ದು ಹೋಗ್ತಿದ್ದಾರೆ."

"ಅದು ಅವನ ಕುರ್ಚಿ" ಎಂದ ಅಜ್ಜ.

"ಅಲ್ಲ ಅಂದೆನಾ, ದೊಡ್ಡವರೇ? ಅದರ ಮೇಲೆ ಧೂಳು ಕೂತಿದೆ ಅಂದೆ ಅಷ್ಟೆ."

ಆಸ್ಪತ್ರೆಗೆ ಮತ್ತೆ ಹೋಗುವ ದಿನದವರೆಗೆ ಕಾಯುವುದು ಎಂದಾಯಿತು. ಅವತ್ತು ಮೌನಿ ಉತ್ತರ ಹೇಳಬೇಕು. ಆ ಕುರ್ಚಿಗೆ ಒಮ್ಮೆ ಬೇರೆ ಕ್ಷೌರಿಕ ಬಂದರೆ ಅವನನ್ನು ಬಿಡಿಸುವುದು ಸಾಧ್ಯವಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಅದಾಗಿ ನಾಲ್ಕು ದಿನಕ್ಕೆ ಒಂಬತ್ತನೇ ಕೂಗಿಗೆ ಹೆಬ್ಬೆರಳು ಬುಡ ಮುಟ್ಟಿತು. ಮುಂದಿನ ವಾರ ಎಂಟು. ಎಂಟರ ದಿನ ಮೌನಿ ಹಲ್ಲುಜ್ಜುತ್ತ ಏನನ್ನೋ ಗುನುಗಿದ. ಮರುದಿನ ಏಳು. ಎರಡು ದಿನ ಬಿಟ್ಟು ಆರು. ಮಗಳು ನೋಟ್‌ಬುಕ್ಕಿನಲ್ಲಿ ಅಂಕೆಗಳನ್ನು ಸೇರಿಸಿ ಗೆರೆ ಎಳೆದಳು. ಗೆರೆ ಜಾರುಬಂಡೆಯಂತೆ ಇಳಿದಿತ್ತು. ಹೆಂಡತಿ ಪೇಟೆಯಿಂದ ಮೆತ್ತನೆಯ ಒಂದು ಚೆಂಡು ತಂದಳು. ಅವನು ಬಿಸಿನೀರಿನ ಬಟ್ಟಲಲ್ಲಿ ಕೈಯಿಟ್ಟುಕೊಂಡು ಅದನ್ನು ಒತ್ತುತ್ತ ಕೂರುತ್ತಿದ್ದ. ಐದು ಎಂದ ದಿನ ಕತ್ತಿಯ ಪೆಟ್ಟಿಗೆಯನ್ನು ಕಪಾಟಿನಿಂದ ತೆಗೆದು ಒರೆಸಿಟ್ಟ.

ಮನೆಯಲ್ಲಿ ಕೆಟ್ಟದ್ದು ಒಂದೇ, ಊಟ.

"ಇದೇನಮ್ಮ ಇದು, ಕಾಳೋ ಅಂಟೋ?" ಎಂದಳು ಮಗಳು. "ಪುಸ್ತಕಕ್ಕೆ ರಟ್ಟು ಅಂಟಿಸಬಹುದು."

"ನಾನು ಇಟ್ಟಿದ್ದು ದಿನಾ ಇಡೋ ಹಾಗೇನೇ. ಮಾವ, ಹತ್ತಕ್ಕೆ ಆರಿಸಿದ್ರಾ?"

"ಹತ್ತು ಅಂದ್ರೆ ಹತ್ತು. ಎಣಿಸೋದು ನನಗೆ ಹೇಳಿಕೊಡ್ಬೇಡ."

"ಹಾಗಾದ್ರೆ ಈ ಸಲದ ಕಾಳೇ ಸರಿ ಇಲ್ಲ."

"ಹಲ್ಲಿಲ್ಲದವನಿಗೆ ಇದೇ ಚೆನ್ನ" ಎಂದು ಅಜ್ಜ ಎರಡನೇ ಸಲ ಬಡಿಸಿಕೊಂಡ.

ಆಸ್ಪತ್ರೆಯಲ್ಲಿ ಅವತ್ತು ಬಹಳ ಜನರಿದ್ದರು. ಡಾಕ್ಟರಮ್ಮ ನೋಟ್‌ಬುಕ್ ತಿರುವಿದರು. ಹತ್ತರಿಂದ ಮೂರು. ಬೆರಳುಗಳನ್ನು ಒತ್ತಿ ನೋಡಿ "ಊತ ಇನ್ನೂ ಇದೆಯಲ್ಲ" ಎಂದು ತಮಗೇ ಹೇಳಿಕೊಂಡರು.

"ಊತ ಇದ್ರೂ ಮೂರಕ್ಕೇ ಬಿಡುತ್ತೆ" ಎಂದ ಮೌನಿ. ಅವನು ಇಷ್ಟು ಬೇಗ ಉತ್ತರ ಕೊಟ್ಟದ್ದನ್ನು ಕಂಡು ಹೆಂಡತಿ ಅವನ ಕಡೆ ನೋಡಿದಳು.

ರಕ್ತ ಕೊಟ್ಟು ಹೋಗಿ, ವರದಿ ಬಂದಮೇಲೆ ಫೋನು ಮಾಡುತ್ತೇವೆ, ಅಲ್ಲಿಯವರೆಗೆ ಬಿಳಿ ಮಾತ್ರೆ ಅರ್ಧ ಮಾಡೋಣ ಎಂದರು. ಬರುವಾಗ ದಾರಿಯಲ್ಲೇ ಮೌನಿ ಅಂಗಡಿಗೆ ಹೋಗಿ ಬಾಗಿಲಲ್ಲಿ ನಿಂತು ಬಾಮೈದನಿಗೆ ಹೇಳಿದ: "ಕುರ್ಚಿ ಯಾರಿಗೂ ಕೊಡ್ಬೇಡ. ಮುಂದಿನ ತಿಂಗಳು ನಾನೇ ಬರ್ತೀನಿ."

ಐದನೇ ದಿನ ಮಣಿಕಟ್ಟು ಊದಿತು. ಏಳನೇ ದಿನ ಮೊಣಕಾಲು. ಎಂಟನೇ ದಿನ ಬೆಳಿಗ್ಗೆ ಅವನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಹೊದಿಕೆ ಸರಿಸಲೂ ಆಗಲಿಲ್ಲ. ಹೆಂಡತಿ ಲಾಂಡ್ರಿಗೆ ರಜೆ ಹೇಳಿದಳು. ಆಸ್ಪತ್ರೆಯಿಂದ ಹಿಂದಿನ ಸಂಜೆಯೇ ಫೋನು ಬಂದಿತ್ತು. ರಕ್ತ ಒಂದು ಹೇಳುತ್ತಿದೆ, ನಿಮ್ಮ ಪುಸ್ತಕ ಇನ್ನೊಂದು ಹೇಳುತ್ತಿದೆ, ಕೂಡಲೇ ಬನ್ನಿ ಎಂದಿದ್ದರು.

ಅವನ ಅಂಗಿಯ ಗುಂಡಿ ಹಾಕುತ್ತ ಕೂತಿದ್ದವಳಿಗೆ ಕುಕ್ಕರು ಒಂದು ಸಲ ಕೂಗಿದ್ದು ಕೇಳಿಸಿತು. ಆಮೇಲೆ ಕೇಳಿಸಲಿಲ್ಲ. ಐದೂ ಗುಂಡಿ ಹಾಕಿದಳು, ತಲೆ ಬಾಚಿದಳು, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮಂಡಿಗೆ ಸುತ್ತಿದಳು. ಕುಕ್ಕರು ಸುಮ್ಮನೇ ಇತ್ತು.

"ಇದೇನು, ಗ್ಯಾಸ್ ಮುಗೀತಾ?" ಎಂದು ಅಡುಗೆಮನೆಗೆ ಹೋದಳು.

ಅಜ್ಜ ಒಲೆಗೆ ಮುಖ ಹತ್ತಿರ ತಂದು, ಗಡ್ಡವನ್ನು ಒಂದು ಕೈಯಲ್ಲಿ ಹಿಂದಕ್ಕೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಒಲೆಯ ತಿರುಪನ್ನು ಹಿಡಿದು ನಿಂತಿದ್ದ. ಉರಿ ನೀಲಿ ದಾರದಷ್ಟಿತ್ತು.

"ಏನ್ ಮಾಡ್ತಿದ್ದೀರ, ಮಾವ?"

"ಗ್ಯಾಸ್ ಉಳಿಸ್ತಿದ್ದೀನಿ."

"ಎಷ್ಟು ದಿನದಿಂದ ಉಳಿಸ್ತಿದ್ದೀರ?"

ಅಜ್ಜ ತಿರುಪು ಬಿಟ್ಟು ಕೈ ಒರೆಸಿಕೊಂಡ. ಉರಿ ಸಣ್ಣದಾದಷ್ಟೂ ಕೂಗು ತಡ, ಲೆಕ್ಕ ಕಡಿಮೆ. ಅಂಟಾದ ಕಾಳು, ಇಳಿದ ಗೆರೆ, ಅರ್ಧವಾದ ಮಾತ್ರೆ ಎಲ್ಲವೂ ಅವಳಿಗೆ ಒಟ್ಟಿಗೆ ತಿಳಿಯಿತು. ಅವಳು ಸ್ಟೂಲಿನ ಮೇಲೆ ಕೂತಳು.

"ಎಂಟು ಅಂದ ದಿನ ಅವನು ಗುನುಗಿದ" ಎಂದ ಅಜ್ಜ. "ಅವನು ಹುಟ್ಟಿದಾಗಿನಿಂದ ಅವನು ಗುನುಗಿದ್ದನ್ನ ನಾನು ಕೇಳಿರಲಿಲ್ಲ. ನಾಳೆ ಏಳು ಅಂದ್ರೆ ಇನ್ನೇನಾಗುತ್ತೋ ನೋಡೋಣ ಅನ್ನಿಸ್ತು."

"ಅವರ ಮಾತ್ರೆ ಅರ್ಧ ಮಾಡಿದ್ದು ಆ ಏಳು, ಆರು, ಐದು ನೋಡಿ."

"ಅದು ನನಗೇನು ಗೊತ್ತು? ನಾನು ಸುಳ್ಳು ಹೇಳಿಸಿದ್ದು ಕುಕ್ಕರಿನ ಕೈಲಿ. ಡಾಕ್ಟರಿಗೆ ಹೇಳಿಸಲಿಲ್ಲ."

"ನಿಮಗೆ ಕ್ಷೌರ ಬೇಕಿತ್ತು, ಅಷ್ಟೇ ತಾನೆ?"

"ಅದೂ ಇತ್ತು" ಎಂದ ಅಜ್ಜ.

ಅಡುಗೆಮನೆಗೂ ಆ ಕೋಣೆಗೂ ನಡುವೆ ಒಂದೇ ಗೋಡೆ. ಕೂಗು ಕೇಳಿಸುವ ಗೋಡೆಯಲ್ಲಿ ಮಾತು ಕೇಳಿಸದೆ ಇರುವುದಿಲ್ಲ. ಅವಳು ಮರಳಿ ಹೋದಾಗ ಮೌನಿ ಛಾವಣಿ ನೋಡುತ್ತಿದ್ದ.

ಬಿಳಿ ಮಾತ್ರೆ ಮತ್ತೆ ಪೂರ್ತಿಯಾಯಿತು. ಹಳದಿ ಮಾತ್ರೆ ಒಂದು ಹೆಚ್ಚಾಯಿತು. ಡಾಕ್ಟರಮ್ಮ ನಡೆದದ್ದೆಲ್ಲ ಕೇಳಿ ಈ ಸಲ ನಗಲಿಲ್ಲ. "ಊತ ಕಂಡಾಗ ನಾನು ಪುಸ್ತಕ ನಂಬಬಾರದಿತ್ತು" ಎಂದಷ್ಟೇ ಹೇಳಿದರು.

ಆರು ದಿನ ಮೌನಿ ಅಪ್ಪನ ಜೊತೆ ಮಾತಾಡಲಿಲ್ಲ. ಅವನು ಮಾತಾಡದಿರುವುದು ಹೊಸತಲ್ಲ. ಆದರೆ ಇಂಥದ್ದನ್ನು ಮನೆಯವರು ಕಂಡಿರಲಿಲ್ಲ. ಮುಂಚೆ ಅವನು ಸುಮ್ಮನಿದ್ದರೆ ಉಳಿದವರು ಆರಾಮಾಗಿ ಮಾತಾಡಿಕೊಳ್ಳುತ್ತಿದ್ದರು. ಈಗ ಅವರೂ ಉಪ್ಪು ಬೇಕಾದರೆ ಎದ್ದು ಹೋಗಿ ತಂದುಕೊಳ್ಳುತ್ತಿದ್ದರು. ಅಜ್ಜ ಎಲ್ಲರ ಊಟವಾದ ಮೇಲೆ ತನ್ನ ತಟ್ಟೆ ಹಾಕಿಕೊಳ್ಳುತ್ತಿದ್ದ. ಮಗಳು ಹಜಾರದ ಗಡಿಯಾರವನ್ನು ಇಳಿಸಿ ಅಪ್ಪನ ಹಾಸಿಗೆಯೆದುರು ತೂಗುಹಾಕಿದಳು. ಅವನು ಗೋಡೆ ಕಡೆ ತಿರುಗಿ ಮಲಗಿದ.

ಏಳನೇ ದಿನ ಬೆಳಿಗ್ಗೆ ಅಜ್ಜ ನೀರಿನ ಲೋಟ ಇಡಲು ಕೋಣೆಗೆ ಬಂದಾಗ ಮೌನಿ ಕೇಳಿದ.

"ಎಂಟು ಯಾರದು?"

ಅಜ್ಜನಿಗೆ ಅರ್ಥವಾಗಲಿಲ್ಲ.

"ಹತ್ತರಿಂದ ಎಂಟಕ್ಕೆ ಬಂತಲ್ಲ. ಅದು ನನ್ನದಾ, ನಿನ್ನದಾ?"

"ನಿನ್ನದು" ಎಂದ ಅಜ್ಜ. "ಎಂಟರವರೆಗೂ ನಿನ್ನದೇ. ಕೆಳಗಿನದ್ದು ಮಾತ್ರ ನನ್ನದು. ನಿನ್ನ ತಾಯಾಣೆ."

ಮೌನಿ ಗೋಡೆಯಿಂದ ಈ ಕಡೆಗೆ ತಿರುಗಿದ. "ಆ ಗಡಿಯಾರ ತೆಗೆಸು" ಎಂದ ಆಮೇಲೆ. "ಕೂಗು ನೀನೇ ಎಣಿಸು. ಗಟ್ಟಿಯಾಗಿ ಎಣಿಸು, ನನಗೆ ಕೇಳಿಸೋ ಹಾಗೆ. ಉರಿಗೆ ಮಾತ್ರ ಕೈ ಹಾಕ್ಬೇಡ."

"ನನ್ನ ಕಣ್ಣಿಗೆ ಉರಿ ಎಲ್ಲಿದೆ ಅಂತಲೂ ಸರಿಯಾಗಿ ಕಾಣಲ್ಲ, ಮಗಾ."

"ಸಣ್ಣ ಮಾಡೋವಾಗ ಕಾಣ್ತಿತ್ತಲ್ಲ" ಎಂದಳು ಬಾಗಿಲಲ್ಲಿದ್ದ ಸೊಸೆ. ಸಂಜೆ ಅವಳು ಮಗಳ ಉಗುರುಬಣ್ಣದ ಸೀಸೆ ತಂದು ಒಲೆಯ ತಿರುಪಿನ ಮೇಲೊಂದು, ಒಲೆಯ ಮೇಲೊಂದು ಕೆಂಪು ಗೆರೆ ಎಳೆದಳು. ಎರಡು ಗೆರೆ ಕೂಡಿದರೆ ಐದು ನಿಮಿಷಕ್ಕೊಂದು ಕೂಗು. ಮಗಳು ಮತ್ತೊಮ್ಮೆ ಅಳೆದು ನೋಟ್‌ಬುಕ್ಕಿನಲ್ಲಿ ಹೊಸ ಪುಟ ಮಾಡಿದಳು.

ಮರುದಿನದಿಂದ ಅಡುಗೆಮನೆಯಿಂದ ಎರಡು ಸದ್ದು. ಕುಕ್ಕರಿನದೊಂದು, ಅದರ ಬೆನ್ನಿಗೇ ಅಜ್ಜನದೊಂದು.

"ಒಂಬತ್ತು!"

"ಹೂಂ."

"ಹತ್ತು! ಆರಿಸ್ಲಾ?"

"ಇನ್ನೂ ಇಲ್ಲ."

"ಕಾಳು ಅಂಟಾಗುತ್ತೆ ಕಣೋ."

"ಆಗ್ಲಿ."

ಹನ್ನೆರಡು, ಹನ್ನೆರಡು, ಹನ್ನೊಂದು, ಮತ್ತೆ ಹನ್ನೆರಡು. ಮಗಳ ಗೆರೆ ಈಗ ಜಾರಲಿಲ್ಲ. ನಡೆಯಲು ಕಲಿಯುವ ಮಗುವಿನಂತೆ ಎದ್ದು ಬಿದ್ದು ಹೋಯಿತು.

ಮೌನಿ ಒಂದು ಮಧ್ಯಾಹ್ನ ಹೆಂಡತಿಯ ತೋಳು ಹಿಡಿದು ಅಂಗಡಿಗೆ ಹೋದ. ಬಾಮೈದ ಎದ್ದು ನಿಂತ.

"ಮೊದಲನೇ ಕುರ್ಚಿ ಆ ಮನುಷ್ಯನಿಗೆ ಕೊಡು" ಎಂದ ಮೌನಿ.

"ಭಾವ..."

"ಬೆಳಿಗ್ಗೆ ಮಾತ್ರ. ನನ್ನ ಕೈ ಬೆಳಿಗ್ಗೆ ನನ್ನದಲ್ಲ. ಮಧ್ಯಾಹ್ನ ಎರಡರ ಮೇಲೆ ಅಷ್ಟೋ ಇಷ್ಟೋ ನನ್ನದು. ಎರಡರ ಮೇಲೆ ಕುರ್ಚಿ ಖಾಲಿ ಇಡಕ್ಕೆ ಒಪ್ತಾರಾ ಕೇಳು."

"ಅವರು ಒಪ್ತಾರೆ. ಊಟ ಆದ್ಮೇಲೆ ಅವರಿಗೂ ನಿದ್ದೆ ಬೇಕಂತೆ" ಎಂದ ಬಾಮೈದ. ಸ್ವಲ್ಪ ತಡೆದು, "ನೀನು ಯಾವತ್ತು ಬರ್ತೀಯ ಅಂತ ಕೇಳಲ್ಲ, ಭಾವ" ಎಂದ.

"ಕೇಳ್ಬೇಡ."

ಅಂಗಡಿಯಿಂದ ಬಂದವನು ಮಗಳಿಗೆ ಬಲೂನು ತರಲು ಹೇಳಿದ. ಅವನಿಗೆ ಹನ್ನೆರಡು ವರ್ಷವಾಗಿದ್ದಾಗ ಅಪ್ಪ ಕತ್ತಿ ಕಲಿಸಿದ್ದು ಹಾಗೆ. ಊದಿದ ಬಲೂನಿಗೆ ಸೋಪಿನ ನೊರೆ ಬಳಿದು, ಒಡೆಯದಂತೆ ಹೆರೆಯಬೇಕು. ಈಗ ಮಧ್ಯಾಹ್ನ ಎರಡರ ಮೇಲೆ ಹಿತ್ತಿಲ ಬಾಗಿಲ ಹತ್ತಿರ ಅಜ್ಜ ಬಲೂನು ಹಿಡಿದು ಕೂತರೆ, ಮೌನಿ ಹೆರೆಯುವನು. ಚಮಚಕ್ಕೆ ಸುತ್ತಿದಂತೆಯೇ ಹೆಂಡತಿ ಕತ್ತಿಯ ಹಿಡಿಗೂ ಬಟ್ಟೆ ಸುತ್ತಿಕೊಟ್ಟಿದ್ದಳು. ಮೊದಲ ವಾರ ದಿನಕ್ಕೆ ಮೂರು ನಾಲ್ಕು ಒಡೆದವು. ನೊರೆಯೆಲ್ಲ ಅಜ್ಜನ ಗಡ್ಡಕ್ಕೆ ಹಾರುತ್ತಿತ್ತು.

ಮೇಲಿನ ಮನೆಯಾಕೆ ಕಿಟಕಿಯಿಂದ ಬಗ್ಗಿ ಕೇಳಿದಳು. "ಏನು ದಿನಾ ಹುಟ್ಟಿದಹಬ್ಬ ನಿಮ್ಮನೇಲಿ? ನಮಗೆ ಕರೆಯೋದೇ ಇಲ್ಲ."

"ಇನ್ನೂ ಹುಟ್ಟಿಲ್ಲಮ್ಮ, ಹುಟ್ಟಿದ್ಮೇಲೆ ಕರೀತೀವಿ" ಎಂದ ಅಜ್ಜ.

ಮೂರನೇ ವಾರ ಒಂದು ಬಲೂನು ಕೊನೆಯವರೆಗೂ ಉಳಿಯಿತು. ಅದನ್ನು ಮಗಳು ಬಾಗಿಲಿಗೆ ಕಟ್ಟಿದಳು. ಎರಡು ದಿನಕ್ಕೆ ಅದು ತಾನಾಗಿಯೇ ಮುದುಡಿತು. ಕೂಗು ಹತ್ತಕ್ಕೆ ಬಂದು ಅಲ್ಲೇ ನಿಂತಿತು. ಒಂದು ವಾರ ಕದಲಲಿಲ್ಲ. ಒಂಬತ್ತು ಆಯಿತು. ಆಸ್ಪತ್ರೆಯಲ್ಲಿ ರಕ್ತ ಹೇಳಿದ್ದೂ ಪುಸ್ತಕ ಹೇಳಿದ್ದೂ ಒಂದೇ ಆಗಿತ್ತು. ಡಾಕ್ಟರಮ್ಮ ಯಾವ ಮಾತ್ರೆಯನ್ನೂ ಕಡಿಮೆ ಮಾಡಲಿಲ್ಲ, ಹೆಚ್ಚೂ ಮಾಡಲಿಲ್ಲ. ಎಂಟು ಆದ ದಿನ ಮಗಳು ಅದನ್ನು ಬರೆದು ಪುಸ್ತಕ ಮುಚ್ಚಿದಳು. ಎಂಟು ಮುಂಚೆಯೂ ಆಗಿತ್ತು.

ಆಮೇಲೊಂದು ಬೆಳಿಗ್ಗೆ ಅಜ್ಜ ಅಡುಗೆಮನೆಯಿಂದ "ಏಳು!" ಎಂದು ಕೂಗಿದ ಮೇಲೆ ಗೋಡೆಯ ಆಚೆಯಿಂದ ಮೂರು ಸಲ ತಟ್ಟಿದ ಸದ್ದು ಬಂತು. ಬೆರಳು ಮಡಚಿ, ಗಿಣ್ಣಿನಿಂದ ತಟ್ಟಿದ ಸದ್ದು. ಅಜ್ಜ ಬಗ್ಗಿ ಕೆಂಪು ಗೆರೆಗಳನ್ನು ನೋಡಿದ. ನಂಬಿಕೆಯಾಗದೆ ಬೆರಳಿನಿಂದ ಮುಟ್ಟಿಯೂ ನೋಡಿದ. ಕೂಡಿಯೇ ಇದ್ದವು.

"ಏಳು ನಿನ್ನದೇ" ಎಂದ ಗೋಡೆಗೆ.

ಅವತ್ತು ಮಧ್ಯಾಹ್ನ ಅಜ್ಜ ಬಲೂನು ಊದಲು ಹೋದಾಗ ಮೌನಿ ಅದನ್ನು ಅವನ ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟ. ಅಪ್ಪನ ಕುತ್ತಿಗೆಗೆ ಟವೆಲು ಸುತ್ತಿದ. ಗಂಟು ಹಾಕಲು ಹೊತ್ತಾಯಿತು. ಮೊದಲು ಗಡ್ಡವನ್ನು ಕತ್ತರಿಯಿಂದ ಮಗಳು ಕತ್ತರಿಸಿಕೊಟ್ಟಳು. ಹೆಂಡತಿ ನೊರೆ ಬಳಿದಳು. ಅವನು ಕತ್ತಿ ಹಿಡಿದ.

ಎಡಗೆನ್ನೆ, ಕಿವಿಯ ಕೆಳಗೆ, ದವಡೆಯ ಏಣು. ಆರು ತಿಂಗಳಲ್ಲಿ ಅಪ್ಪನ ಗಲ್ಲ ಸಣ್ಣದಾಗಿತ್ತು. ಕತ್ತಿ ಹೋಗುವ ದಾರಿ ಅವನಿಗೆ ಹೊಸತಾಗಿ ಕಂಡಿತು. ಅಜ್ಜ ಉಸಿರು ಬಿಗಿಹಿಡಿದು ಕೂತಿದ್ದ. ಒಮ್ಮೆ ಕೈ ನಿಂತಿತು. ಮೌನಿ ಕತ್ತಿಯನ್ನು ಬೀಳಿಸಲಿಲ್ಲ; ಮೇಲಕ್ಕೆತ್ತಿ, ಕಾದು, ಮತ್ತೆ ಇಟ್ಟ. ಮೂಗಿನ ಕೆಳಗೆ, ಗದ್ದದ ನಡುವಿನವರೆಗೆ ಬಂದ. ಅಲ್ಲಿ ಕತ್ತಿ ಮಡಚಿ ಬಟ್ಟಲಿಗೆ ಹಾಕಿದ.

"ಮುಗೀತಾ?" ಎಂದ ಅಜ್ಜ.

"ಇವತ್ತಿಗೆ ಮುಗೀತು."

ಅಜ್ಜ ಎಡಗೆನ್ನೆ ಸವರಿಕೊಂಡ. ಬಲಗೆನ್ನೆ ಸವರಿಕೊಂಡ. ಮೊಮ್ಮಗಳು ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಒಳಗಿನಿಂದ ಅವಳ ನಗು ಕೇಳಿಸಿತು.

"ಉಳಿದದ್ದು ನಾನು ನನ್ನ ತಮ್ಮನ ಹತ್ರ..." ಎಂದಳು ಸೊಸೆ.

"ಅವನ ಕೈ ಭಾರ" ಎಂದ ಅಜ್ಜ. ಮುಖ ತೊಳೆದುಕೊಂಡು, ಇಸ್ತ್ರಿಯಾದ ಅಂಗಿ ಹಾಕಿಕೊಂಡು, ಚಪ್ಪಲಿ ಹುಡುಕತೊಡಗಿದ.

"ಈ ಮುಖ ಇಟ್ಕೊಂಡು ಎಲ್ಲಿಗೆ, ಮಾವ?"

"ಅಂಗಡಿಗೆ."

ಬೀದಿಯಲ್ಲಿ ಜನ ನಿಂತು ನೋಡಿದರು. ಅಜ್ಜ ಯಾರ ಕಡೆಗೂ ತಿರುಗದೆ, ಬೋಳಾದ ಕೆನ್ನೆ ರಸ್ತೆಯ ಕಡೆಗೆ ಬರುವಂತೆ ನಡೆದು ಅಂಗಡಿ ಹೊಕ್ಕು, ಖಾಲಿಯಿದ್ದ ಮೊದಲನೇ ಕುರ್ಚಿಯಲ್ಲಿ ಕೂತ. ಕಾಯುತ್ತಿದ್ದವರೊಬ್ಬರು ಪತ್ರಿಕೆ ಇಳಿಸಿದರು.

"ಏನು ದೊಡ್ಡವರೇ, ಅರ್ಧಕ್ಕೇ ಎದ್ದು ಬಂದ್ರಾ? ಯಾರು ಮಾಡಿದ್ದು?"

"ನನ್ನ ಮಗ."

"ಹೌದಾ? ವಾಸಿ ಆಯ್ತಾ?"

ಅಜ್ಜ ಕನ್ನಡಿಯಲ್ಲಿ ತನ್ನ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡ.

"ನಿನ್ನೆಗಿಂತ ವಾಸಿ" ಎಂದ. "ಈ ಕಡೆಯದು ನಾಳೆ."